ಥೀಮ್ ಮುಟ್ಟದೆ ಪ್ಲಗಿನ್‌ನಿಂದಲೇ ಪೇಜ್ ಟೆಂಪ್ಲೇಟ್: ನನ್ನ ಅನುಭವ

ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ನಾನು ಬರೆದ ಈವೆಂಟ್ ಪ್ಲಗಿನ್‌ಗೆ (ಹೆಚ್ಚುವರಿ ಸೌಲಭ್ಯ ಸೇರಿಸುವ ಕೋಡ್) ಸೈಡ್‌ಬಾರ್ ಇಲ್ಲದ ಅಗಲ ಪುಟವೊಂದು ಬೇಕಿತ್ತು. ಅದಕ್ಕೆ ಪೇಜ್ ಟೆಂಪ್ಲೇಟ್, ಅಂದ್ರೆ ಪುಟದ ವಿನ್ಯಾಸ ನಿರ್ಧರಿಸುವ ಫೈಲ್ ಬೇಕು. ವರ್ಡ್‌ಪ್ರೆಸ್‌ನಲ್ಲಿ ಸುಲಭದ ದಾರಿ ಎಲ್ಲರಿಗೂ ಗೊತ್ತು: ಥೀಮ್ (ಸೈಟ್‌ನ ಒಟ್ಟು ವಿನ್ಯಾಸ) ಫೋಲ್ಡರ್‌ಗೆ ಒಂದು ಪಿಎಚ್‌ಪಿ ಫೈಲ್ ಹಾಕಿ, ಮೇಲೆ ಕಾಮೆಂಟ್‌ನಲ್ಲಿ 'ಟೆಂಪ್ಲೇಟ್ ನೇಮ್' ಬರೆದರೆ ಆಯ್ತು. ಆದರೆ ಪ್ಲಗಿನ್ ಹಾಕಿಕೊಳ್ಳುವವರು ಯಾವ ಥೀಮ್ ಬಳಸುತ್ತಾರೋ ಯಾರಿಗೆ ಗೊತ್ತು? ನಾಳೆ ಥೀಮ್ ಬದಲಿಸಿದರೆ ಪುಟದ ಅಂದವೂ ಹೋಗುತ್ತದೆ. ಹಾಗಾಗಿ ಟೆಂಪ್ಲೇಟನ್ನು ಪ್ಲಗಿನ್ ಒಳಗೇ ಇಟ್ಟೆ.

ಮೊದಲು ಟೆಂಪ್ಲೇಟ್ ಹೆಸರು ಎಡಿಟರ್‌ನಲ್ಲಿ ಕಾಣಬೇಕು. ಅದಕ್ಕೆ 'ಥೀಮ್_ಪೇಜ್_ಟೆಂಪ್ಲೇಟ್ಸ್' ಫಿಲ್ಟರ್ ಇದೆ (ವರ್ಡ್‌ಪ್ರೆಸ್ ಕೊಡುವ ಮಾಹಿತಿಯನ್ನು ನಮ್ಮ ಕೋಡ್ ಬದಲಿಸಲು ಇರುವ ಜಾಗವೇ ಫಿಲ್ಟರ್). ಅದು ಕೊಡುವ ಅರೇಗೆ (ಪಟ್ಟಿಗೆ) ಒಂದು ಸಾಲು ಸೇರಿಸಿದೆ: ಕೀ ಜಾಗದಲ್ಲಿ ಫೈಲ್ ಹೆಸರು, ವ್ಯಾಲ್ಯೂ ಜಾಗದಲ್ಲಿ ಬಳಕೆದಾರರಿಗೆ ಕಾಣುವ ಹೆಸರು. ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಒಳಗೆ ಹೆಸರು ತುರುಕುವ ಹಳೆಯ ಕಸರತ್ತು ಈಗ ಬೇಡವೇ ಬೇಡ. 2016ರ 4.7 ಆವೃತ್ತಿಯಿಂದ ಪೋಸ್ಟ್, ಕಸ್ಟಮ್ ಪೋಸ್ಟ್ ಟೈಪ್‌ಗಳಿಗೂ (ನಾವೇ ರೂಪಿಸಿದ ಬರಹದ ಬಗೆಗಳು) ಇಂಥದ್ದೇ ಫಿಲ್ಟರ್ ಸಿಗುತ್ತದೆ.

ಆ ಕೀಯನ್ನು ಯೋಚಿಸಿ ಇಡಬೇಕು. ಪುಟ ಉಳಿಸಿದಾಗ ಪೋಸ್ಟ್ ಮೆಟಾದಲ್ಲಿ (ಪುಟದ ಜೊತೆ ಡೇಟಾಬೇಸ್‌ನಲ್ಲಿ ಇರುವ ಹೆಚ್ಚುವರಿ ಮಾಹಿತಿ) ಸೇರುವುದು ಅದೇ. ಸರ್ವರ್‌ನ ಪೂರ್ತಿ ಪಾತ್ (ಫೈಲ್ ಇರುವ ವಿಳಾಸ) ಕೊಟ್ಟರೆ, ಸೈಟ್ ಬೇರೆ ಕಡೆ ಹೋದ ದಿನ ಎಲ್ಲಾ ಕೆಡುತ್ತದೆ. ನಾನು ಮುಂದೆ ಪ್ಲಗಿನ್ ಹೆಸರು ಸೇರಿಸಿದ ಬರೀ ಫೈಲ್ ಹೆಸರು ಇಟ್ಟೆ. ಒಮ್ಮೆ ಬಿಡುಗಡೆ ಮಾಡಿದ ಮೇಲೆ ಅದನ್ನು ಬದಲಿಸಲು ಹೋಗುವುದಿಲ್ಲ.

ಇನ್ನು ಪುಟ ತೆರೆದಾಗ ನನ್ನ ಫೈಲ್ ಓಡಬೇಕು. ಇಲ್ಲಿ ಯಾವ ಫೈಲ್ ಓಡಬೇಕೆಂದು ಕೊನೆಗೆ ನಿರ್ಧರಿಸುವ 'ಟೆಂಪ್ಲೇಟ್_ಇನ್‌ಕ್ಲೂಡ್' ಫಿಲ್ಟರ್ ಹಿಡಿದೆ. ಅದಕ್ಕೂ ಮುಂಚಿನ ಹಂತವಾದ 'ಟೆಂಪ್ಲೇಟ್_ರೀಡೈರೆಕ್ಟ್'ನಲ್ಲೇ ಫೈಲ್ ಸೇರಿಸಿ ಎಕ್ಸಿಟ್ ಮಾಡುವವರೂ ಇದ್ದಾರೆ. ಆಗ ಅದರ ನಂತರ ಬರಬೇಕಾದ ಬೇರೆ ಪ್ಲಗಿನ್‌ಗಳ ಕೆಲಸ ನಿಂತುಹೋಗುತ್ತದೆ. ನನಗದು ಒಪ್ಪಿಗೆಯಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಆಯ್ಕೆಯಾದ ಟೆಂಪ್ಲೇಟ್ ಯಾವುದೆಂದು ಹೇಳುವ ಫಂಕ್ಷನ್‌ಗೆ ಪುಟದ ಐಡಿ ಕೊಡದಿದ್ದರೆ, ಅದು ಆಗಿನ ಗ್ಲೋಬಲ್ ಪೋಸ್ಟನ್ನು (ವರ್ಡ್‌ಪ್ರೆಸ್ ಆ ಕ್ಷಣ 'ಈಗಿನದು' ಎಂದು ಹಿಡಿದಿರುವ ಬರಹ) ನೋಡುತ್ತದೆ. ಹುಡುಕಾಟದ ಪುಟದಲ್ಲಿ ಗ್ಲೋಬಲ್ ಪೋಸ್ಟ್ ಅಂದ್ರೆ ಮೊದಲ ಫಲಿತಾಂಶ. ಅದು ನಮ್ಮ ಪುಟವೇ ಆಗಿದ್ದರೆ? ಹುಡುಕಾಟದ ಇಡೀ ಪುಟ ನಮ್ಮ ಟೆಂಪ್ಲೇಟ್‌ನಲ್ಲಿ ಕೂರುತ್ತದೆ! ಅದಕ್ಕೇ ಮೊದಲು ತೆರೆದಿರುವುದು ಪುಟವೇ ಎಂದು ನೋಡುವ 'ಈಸ್_ಪೇಜ್' ಪರೀಕ್ಷೆ, ಆಮೇಲೆ ಸ್ಪಷ್ಟವಾಗಿ ಆ ಪುಟದ ಐಡಿ. ನಮಗೆ ಸಂಬಂಧ ಇಲ್ಲದಿದ್ದರೆ ಫಿಲ್ಟರ್‌ಗೆ ಬಂದ ಪಾತನ್ನು ಹಾಗೇ ಹಿಂದಿರುಗಿಸಬೇಕು. ರಿಟರ್ನ್ ಬರೆಯದಿದ್ದರೆ ಸೈಟ್ ತುಂಬಾ ಖಾಲಿ ಪುಟಗಳೇ.

ನನ್ನ ಫೈಲ್ ಕೊಡುವ ಮೊದಲು 'ಲೊಕೇಟ್_ಟೆಂಪ್ಲೇಟ್' ಕರೆಯುತ್ತೇನೆ. ಅದು ಚೈಲ್ಡ್ ಥೀಮ್ (ಮೂಲ ಥೀಮ್ ಮೇಲೆ ಕಟ್ಟಿದ ಉಪ ಥೀಮ್), ಆಮೇಲೆ ಪೇರೆಂಟ್ ಥೀಮ್ (ಆ ಮೂಲ ಥೀಮ್) ನೋಡುತ್ತದೆ. ಅಲ್ಲಿ ಅದೇ ಹೆಸರಿನ ಫೈಲ್ ಇದ್ದರೆ ಅದಕ್ಕೇ ಆದ್ಯತೆ. ವಿನ್ಯಾಸ ಮಾಡುವವರು ಪ್ಲಗಿನ್ ತಿದ್ದುವಂತಾಗಬಾರದು, ಅಲ್ವಾ?

ಪಿಎಚ್‌ಪಿ ಫೈಲ್‌ಗಳ ಬದಲು ಬ್ಲಾಕ್‌ಗಳಿಂದ ಪುಟ ಕಟ್ಟುವ ಬ್ಲಾಕ್ ಥೀಮ್‌ಗಳ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ಹೆಡರ್ ಫೈಲೇ ಇರುವುದಿಲ್ಲ, 'ಗೆಟ್_ಹೆಡರ್' ಕರೆದರೆ ವರ್ಡ್‌ಪ್ರೆಸ್‌ನ ಹಳೆಯ ಬೋಳು ಹೆಡರ್ ಬರುತ್ತದೆ. 2024ರ 6.7 ಆವೃತ್ತಿಯಲ್ಲಿ 'ರಿಜಿಸ್ಟರ್_ಬ್ಲಾಕ್_ಟೆಂಪ್ಲೇಟ್' ಬಂದಮೇಲೆ ಅಂಥ ಸೈಟ್‌ಗಳಿಗೆ ಅದನ್ನೇ ಬಳಸುತ್ತೇನೆ.

ಪ್ಲಗಿನ್ ನಿಲ್ಲಿಸಿದರೆ ಪುಟ ಥೀಮ್‌ನ ಮಾಮೂಲಿ ಟೆಂಪ್ಲೇಟ್‌ನಲ್ಲಿ ತೆರೆಯುತ್ತದೆ. ಮೆಟಾ ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ನಾನು ಸುಮ್ನೆ ಬಿಡುತ್ತೇನೆ, ಮತ್ತೆ ಆನ್ ಮಾಡಿದವರು ಒಂದೊಂದೇ ಪುಟಕ್ಕೆ ಹೋಗಿ ಆಯ್ಕೆ ಮಾಡಬೇಕಾಗಿಲ್ಲ.