ಜಮೀನು ಕೊಳ್ಳುವುದು ಕೊನೆಯ ಕೆಲಸ: ನಗರದ ನೌಕರಿ ಬಿಟ್ಟು ಹಳ್ಳಿಗೆ ಹೊರಡುವವರಿಗೆ

ಹತ್ತು ಹದಿನೈದು ವರ್ಷ ಬೆಂಗಳೂರಿನಲ್ಲಿ ದುಡಿದ ಮೇಲೆ, ಇನ್ನು ಸಾಕು, ಎಲ್ಲಾದರೂ ಮಣ್ಣು, ನೀರು, ನೆರಳು ಇರುವ ಕಡೆ ಹೋಗಿ ಕಡಿಮೆ ಖರ್ಚಿನಲ್ಲಿ ಬದುಕೋಣ ಎಂದು ನಿರ್ಧರಿಸುವವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಜಮೀನು ಹುಡುಕುವ ಕೆಲಸಕ್ಕೆ. ಶನಿವಾರ, ಭಾನುವಾರ ಕಾರು ಹತ್ತಿ ಕನಕಪುರ, ಮಧುಗಿರಿ, ಸಕಲೇಶಪುರದ ಕಡೆ ಸುತ್ತುತ್ತಾರೆ, ದಲ್ಲಾಳಿಯೊಬ್ಬ ಸಿಗುತ್ತಾನೆ, ಮಳೆಗಾಲದ ಹಸಿರಿಗೆ ಮನಸ್ಸು ಸೋತು ಮುಂಗಡ ಕೊಟ್ಟುಬಿಡುತ್ತಾರೆ. ಕೃಷಿಕರಲ್ಲದವರ ಇಂಥ ಆತುರಕ್ಕೆ ಹಿಂದೆ 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯೇ ಅಡ್ಡ ನಿಲ್ಲುತ್ತಿತ್ತು. 2020ರ ತಿದ್ದುಪಡಿಯಲ್ಲಿ ಅದರ 79ಎ ಮತ್ತು 79ಬಿ ಕಲಮುಗಳು ರದ್ದಾದ ಮೇಲೆ ಆ ತಡೆ ಹೋಯಿತು. ಕಾನೂನು ದಾರಿ ಬಿಟ್ಟಿದೆ ಎಂದ ಮಾತ್ರಕ್ಕೆ ಅದೇ ಮೊದಲ ಹೆಜ್ಜೆಯಾಗಬೇಕಿಲ್ಲ. ಬದುಕಿನ ಯೋಜನೆಯನ್ನೇ ಬದಲಿಸಿಕೊಳ್ಳುವಾಗ ಜಮೀನು ಎಲ್ಲಕ್ಕಿಂತ ಕೊನೆಗೆ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಮೊದಲು ಮುಗಿಸಬೇಕಾದ ಕೆಲಸಗಳನ್ನು ಒಂದೊಂದಾಗಿ ಇಲ್ಲಿ ವಿವರಿಸುತ್ತೇನೆ.

ಮೊದಲು ಖರ್ಚಿನ ಲೆಕ್ಕ

ಒಂದು ತಿಂಗಳಿನದಲ್ಲ, ಒಂದು ಇಡೀ ವರ್ಷದ ಖರ್ಚನ್ನು ಬರೆದಿಡಿ. ಏಕೆಂದರೆ ಶಾಲೆಯ ಶುಲ್ಕ, ವಿಮೆಯ ಕಂತು, ಮದುವೆ ಮುಂಜಿಗಳ ಉಡುಗೊರೆ ಇವೆಲ್ಲ ತಿಂಗಳ ಲೆಕ್ಕದಲ್ಲಿ ಕಾಣುವುದಿಲ್ಲ. ಆಮೇಲೆ ಅದನ್ನು ಮೂರಾಗಿ ವಿಂಗಡಿಸಿ. ಸಾಲದ ಕಂತು, ತಂದೆತಾಯಿಯ ಔಷಧಿ, ಮಕ್ಕಳ ಓದು ಇಂಥವು ಎಲ್ಲಿದ್ದರೂ ತಪ್ಪದ ಖರ್ಚುಗಳು. ಮನೆಬಾಡಿಗೆ, ಓಡಾಟ, ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕ ಇವು ನಗರ ಕೇಳುವ ಖರ್ಚುಗಳು. ಮೂರನೆಯದು ನೌಕರಿಯ ಆಯಾಸ ಮಾಡಿಸುವ ಖರ್ಚು: ಅಡುಗೆ ಮಾಡಲು ತ್ರಾಣವಿಲ್ಲದೆ ತರಿಸಿದ ಊಟ, ವಾರಾಂತ್ಯದ ರೆಸಾರ್ಟು, ಬೇಸರ ಕಳೆಯಲು ಕೊಂಡ ವಸ್ತುಗಳು. ಬಹುತೇಕ ಮನೆಗಳಲ್ಲಿ ಈ ಮೂರನೆಯ ಪಟ್ಟಿ ನಾವು ಅಂದುಕೊಂಡದ್ದಕ್ಕಿಂತ ಉದ್ದವಾಗಿರುತ್ತದೆ, ಮತ್ತು ಅದನ್ನು ಇಳಿಸಲು ಹಳ್ಳಿಗೆ ಹೋಗಬೇಕಾದ ಅಗತ್ಯವೇ ಇಲ್ಲ. ಆದ್ದರಿಂದ ನೌಕರಿಯಲ್ಲಿರುವಾಗಲೇ, ಹಳ್ಳಿಯಲ್ಲಿ ಎಷ್ಟರಲ್ಲಿ ಬದುಕುತ್ತೇವೆಂದು ಎಣಿಸಿದ್ದೀರೋ ಅದಕ್ಕೆ ನಗರದ ಬಾಡಿಗೆಯನ್ನಷ್ಟೇ ಸೇರಿಸಿ, ಕನಿಷ್ಠ ಆರು ತಿಂಗಳು ಆ ಮೊತ್ತದಲ್ಲೇ ಸಂಸಾರ ನಡೆಸಿ ನೋಡಿ. ಅದು ಮನೆಯವರಿಗೆಲ್ಲ ಸಹ್ಯವಾದರೆ ಮುಂದಿನ ಮಾತು.

ಹಳ್ಳಿಯಲ್ಲಿ ಬೇಸಾಯದ ಆದಾಯ ಬರುತ್ತದಲ್ಲ ಎಂದು ಈ ಲೆಕ್ಕಕ್ಕೆ ಸೇರಿಸುವುದು ಅಪಾಯ. ಮಳೆ ಚೆನ್ನಾಗಿ ಬಂದ ವರ್ಷ ಎಕರೆಗೆ ಎಂಟು ಹತ್ತು ಕ್ವಿಂಟಲ್ ರಾಗಿ ಬಂತೆಂದೇ ಇಟ್ಟುಕೊಳ್ಳಿ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಹತ್ತು ಕ್ವಿಂಟಲಿಗೆ ಹೆಚ್ಚೆಂದರೆ 48,860 ರೂಪಾಯಿ. ಇದರಲ್ಲಿ ಉಳುಮೆ, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆಯ ಕೂಲಿ ಕಳೆದರೆ ಕೈಯಲ್ಲಿ ಉಳಿಯುವುದು ನಗರದಲ್ಲಿ ಒಂದು ತಿಂಗಳಿಗೂ ಸಾಲುವುದಿಲ್ಲ. ಹಂದಿ, ಮಂಗ, ನವಿಲುಗಳ ಪಾಲು ಬೇರೆ. ತೆಂಗು, ಅಡಿಕೆ ನೆಟ್ಟರೆ ಫಲಕ್ಕೆ ಐದಾರು ವರ್ಷ ಕಾಯಬೇಕು. ಆದರೆ ಎರಡು ಎಕರೆ ಜಮೀನಿನಲ್ಲಿ, ಮಾರಾಟಕ್ಕೆ ಬೇಡ ಮನೆಗೆ ಸಾಕು ಎಂಬ ಲೆಕ್ಕದಲ್ಲಿ ಬೆಳೆದರೆ ನಾಲ್ಕು ಜನರಿಗೆ ವರ್ಷದ ರಾಗಿ, ಅವರೆ, ತೊಗರಿ, ಹುರುಳಿ, ತರಕಾರಿ ಕೊಟ್ಟೀತು. ಹೊಲ ಅಡುಗೆಮನೆಯನ್ನು ನಡೆಸುತ್ತದೆ, ಬ್ಯಾಂಕಿನ ಕಂತನ್ನಲ್ಲ. ಮೊದಲ ಮೂರು ವರ್ಷವಂತೂ ನಗದಿಗೆ ಬೇರೆ ದಾರಿ ಇರಲೇಬೇಕು. ಉಳಿತಾಯದ ಬಡ್ಡಿಯಾಗಬಹುದು, ಮನೆಯಿಂದ ಮಾಡುವ ಅರೆಕಾಲಿಕ ಕೆಲಸವಾಗಬಹುದು, ದಂಪತಿಗಳಲ್ಲಿ ಒಬ್ಬರು ಇನ್ನಷ್ಟು ಕಾಲ ಸಂಬಳದಲ್ಲಿ ಮುಂದುವರಿಯುವುದಾಗಬಹುದು.

ಸಾಲ ಮತ್ತು ವಿಮೆಯ ವಿಷಯ ಚಿಕ್ಕದು, ಆದರೆ ಮರೆತರೆ ದುಬಾರಿ. ಕಂಪನಿಯ ಸಾಮೂಹಿಕ ಆರೋಗ್ಯ ವಿಮೆ ನೌಕರಿಯೊಂದಿಗೇ ಮುಗಿಯುತ್ತದೆ. ಸ್ವಂತ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೆ 36 ತಿಂಗಳವರೆಗೂ ಕಾಯುವ ಅವಧಿ ಇರಬಹುದಾದ್ದರಿಂದ, ರಾಜೀನಾಮೆಗೆ ಎರಡು ಮೂರು ವರ್ಷ ಮೊದಲೇ ಕುಟುಂಬದ ಹೆಸರಿನಲ್ಲಿ ಪಾಲಿಸಿ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಭವಿಷ್ಯ ನಿಧಿಯನ್ನು ಐದು ವರ್ಷದ ನಿರಂತರ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಮನೆಸಾಲ ಇನ್ನೂ ಇದ್ದರೆ ತೀರಿಸಿ, ಇಲ್ಲವೇ ಆ ಮನೆಯ ಬಾಡಿಗೆಯೇ ಕಂತನ್ನು ಭರಿಸುವಂತೆ ಮಾಡಿ ಹೊರಡಿ.

ಯಾರ ಪಾಲಿಗೆ ಸರಳ?

ಇದನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕು. ಸರಳ ಬದುಕು ಎಂದು ಗಂಡಸರು ಉತ್ಸಾಹದಿಂದ ಹೇಳುವ ಎಷ್ಟೋ ಯೋಜನೆಗಳಲ್ಲಿ ಗಂಡನ ಕೆಲಸ ಸರಳವಾಗಿ ಹೆಂಡತಿಯ ಕೆಲಸ ಇಮ್ಮಡಿಯಾಗುತ್ತದೆ. ಸೌದೆ ಒಲೆ, ಕೊಟ್ಟಿಗೆಯ ಸಗಣಿ, ನೀರು ಸೇದುವುದು, ಬೆಂಗಳೂರಿನಿಂದ ತೋಟ ನೋಡಲು ಬರುವ ಗೆಳೆಯರಿಗೆ ಅಡುಗೆ, ಇವೆಲ್ಲ ಯಾರ ಹೆಗಲಿಗೆ ಬೀಳುತ್ತವೆ ಎಂಬುದನ್ನು ಹೊರಡುವ ಮೊದಲೇ ಕಾಗದದ ಮೇಲೆ ಬರೆದು ಹಂಚಿಕೊಳ್ಳಿ. ಬೆಳಗ್ಗೆ ಐದೂವರೆಗೆ ಹಾಲು ಕರೆಯುವವರು ಯಾರು, ಜ್ವರ ಬಂದ ದಿನ ಅದನ್ನು ಮಾಡುವವರು ಯಾರು ಎಂಬಷ್ಟು ವಿವರವಾಗಿ ಬರೆಯಬೇಕು. ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಹಸು ಕಟ್ಟಬೇಡಿ. ಪಕ್ಕದ ಮನೆಯಿಂದ ಹಾಲು ಕೊಂಡರೆ ನಿಮ್ಮ ಸರಳತೆಗೆ ಏನೂ ಕುಂದಿಲ್ಲ, ಆ ಮನೆಗೂ ನಾಲ್ಕು ಕಾಸಾಗುತ್ತದೆ.

ಮಕ್ಕಳ ಶಾಲೆ, ಹಿರಿಯರಿಗೆ ಬೇಕಾಗುವ ಆಸ್ಪತ್ರೆ ಎಷ್ಟು ದೂರ ಎಂಬುದನ್ನೂ ಈ ಹಂತದಲ್ಲೇ ನೋಡಬೇಕು. ನನ್ನನ್ನು ಕೇಳಿದರೆ, ಹಳ್ಳಿಗೆ ಹೊರಟ ಹಲವರಿಗೆ ನಿಜವಾಗಿ ಒಪ್ಪುವುದು ಶಿರಸಿ, ಸಾಗರ, ತಿಪಟೂರು, ಪುತ್ತೂರಿನಂಥ ತಾಲ್ಲೂಕು ಪಟ್ಟಣ. ನಡೆದೇ ಹೋಗಬಹುದಾದ ಸಂತೆ, ಬಸ್ಸು, ವೈದ್ಯರು, ಗ್ರಂಥಾಲಯ, ಹಿತ್ತಿಲಿನಲ್ಲಿ ನಾಲ್ಕು ಬಾಳೆಗಿಡ, ಇಷ್ಟು ಸಿಕ್ಕರೆ ಕಾರು ಮಾರಿಬಿಡಬಹುದು. ತೋಟದ ಮನೆಯಲ್ಲಿದ್ದು ಒಂದು ಕಟ್ಟು ಕೊತ್ತಂಬರಿಗೂ ಹದಿನೈದು ಕಿಲೋಮೀಟರು ಡೀಸೆಲ್ ಸುಡುವವರಿಗಿಂತ ಇವರು ಭೂಮಿಗೆ ಹಗುರ.

ಬಾಡಿಗೆಗಿದ್ದು ಒಂದು ವರ್ಷ

ಮನಸ್ಸಿಗೆ ಬಂದ ಊರಿನಲ್ಲಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ತಪ್ಪದಂತೆ ಅಲ್ಲಿ ಇರಿ. ಮಲೆನಾಡಿನ ಚೆಲುವಿಗೆ ಮಾರುಹೋದವರು ಜುಲೈಯಲ್ಲಿ ಅಲ್ಲಿರಬೇಕು: ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ವಾರಗಟ್ಟಲೆ ಬಟ್ಟೆ ಒಣಗದೆ, ಕರೆಂಟು ಹೋಗಿ, ಮೊಬೈಲಿಗೆ ಸಿಗ್ನಲ್ ಇಲ್ಲದೆ, ಕಾಲಿಗೆ ಉಂಬಳ (ಜಿಗಣೆ) ಹತ್ತಿಸಿಕೊಂಡು ಕಳೆಯುವ ದಿನಗಳು ನಿಮಗೆ ಒಗ್ಗುತ್ತವೆಯೇ ಎಂಬುದು ಆಗಲೇ ತಿಳಿಯುವುದು. ಬಯಲುಸೀಮೆಯನ್ನು ಆರಿಸಿದವರು ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿರಬೇಕು. ಪಾವಗಡ, ಚಳ್ಳಕೆರೆಯ ಕಡೆ ವರ್ಷದ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ಕೋಲಾರದ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಸಾಮಾನ್ಯ.

ಈ ವರ್ಷದಲ್ಲಿ ಬೇಸಾಯ ಕಲಿಯಲು ಜಮೀನನ್ನು ಗೇಣಿಗೆ ಪಡೆಯೋಣ ಎನ್ನುವವರು ಒಂದು ಮಾತು ತಿಳಿದಿರಬೇಕು. ಉಳುವವನೇ ಒಡೆಯ ಎಂಬ 1974ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿ ಜಮೀನಿನ ಗೇಣಿ ಕೆಲವು ವಿನಾಯಿತಿ ಬಿಟ್ಟರೆ ನಿಷಿದ್ಧ. ಬಾಯಿಮಾತಿನ ಕೋರು (ಬೆಳೆಯಲ್ಲಿ ಪಾಲು), ಉತ್ತರ ಕರ್ನಾಟಕದ ಲಾವಣಿ ಎಂಬ ಗುತ್ತಿಗೆ ಇಂದಿಗೂ ನಡೆಯುತ್ತವೆ ನಿಜ, ಆದರೆ ಹೊಸಬರಿಗೆ ಜಮೀನು ಬಿಟ್ಟುಕೊಡಲು ಮಾಲೀಕರು ಹೆದರುವುದಕ್ಕೆ ಈ ಚರಿತ್ರೆಯೇ ಕಾರಣ. ಅವರನ್ನು ತಪ್ಪು ತಿಳಿಯಬಾರದು. ಅದರ ಬದಲು ಒಬ್ಬ ಒಳ್ಳೆಯ ರೈತರ ಹೊಲದಲ್ಲಿ ಒಂದು ಹಂಗಾಮು ಕೆಲಸಕ್ಕೆ ಸೇರಿ. ಬಿತ್ತನೆ, ಕುಂಟೆ, ಕಳೆ, ಕೊಯ್ಲು, ಕಣ ಎಲ್ಲದರಲ್ಲೂ ಕೈಯಿಟ್ಟರೆ ನಿಮ್ಮ ಬೆನ್ನು ಎಷ್ಟು ತಾಳುತ್ತದೆ ಎಂಬುದೂ ತಿಳಿಯುತ್ತದೆ, ಊರಿನವರಿಗೆ ನೀವು ಯಾರೆಂಬುದೂ ತಿಳಿಯುತ್ತದೆ. ಕೃಷಿ ವಿಜ್ಞಾನ ಕೇಂದ್ರದ ತರಬೇತಿ, ಹೋಬಳಿಯ ರೈತ ಸಂಪರ್ಕ ಕೇಂದ್ರ, 1988ರಿಂದ ಪುತ್ತೂರಿನಲ್ಲಿ ಕೃಷಿಕರೇ ಕೃಷಿಕರಿಗಾಗಿ ಬರೆಯುತ್ತ ಬಂದ ‘ಅಡಿಕೆ ಪತ್ರಿಕೆ’ ಇವೆಲ್ಲ ಜೊತೆಗೆ ನೆರವಾಗುತ್ತವೆ.

ನೀರು

ಮನೆಬಳಕೆಯ ನೀರು ಮತ್ತು ಹೊಲದ ನೀರು ಎರಡನ್ನೂ ಬೇರೆಬೇರೆಯಾಗಿ ಯೋಚಿಸಬೇಕು. ಮನೆಯ ಲೆಕ್ಕ ಸುಲಭ. ಒಂದು ಚದರ ಮೀಟರ್ ಮಾಡಿನ (ಛಾವಣಿಯ) ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನೂರು ಚದರ ಮೀಟರಿನ ಮಾಡು, 600 ಮಿಲಿಮೀಟರಿನ ಮಳೆ ಎಂದರೆ 60,000 ಲೀಟರ್. ಆವಿಯಾಗಿ, ಚೆಲ್ಲಿ, ಮೊದಲ ಮಳೆಯಲ್ಲಿ ಮಾಡು ತೊಳೆದು ಹೋಗುವ ನೀರನ್ನು ಕಳೆದು ನೂರಕ್ಕೆ ಎಂಬತ್ತು ಪಾಲು ಹಿಡಿದರೂ 48,000 ಲೀಟರ್ ಸಿಗುತ್ತದೆ. ಜಲಜೀವನ್ ಮಿಷನ್ನಿನ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್, ಅಂದರೆ ನಾಲ್ವರಿಗೆ 220 ಲೀಟರ್. ಮಳೆಯೇ ಇಲ್ಲದ 120 ದಿನಕ್ಕೆ ಬೇಕಾಗುವುದು 26,400 ಲೀಟರ್. ಹಾಗಾಗಿ ಒಣಸೀಮೆಯಲ್ಲಿಯೂ 30,000 ಲೀಟರಿನ ಒಂದು ತೊಟ್ಟಿ, ಇದ್ದಿಲು ಮತ್ತು ಜಲ್ಲಿಯ ಒಂದು ಸೋಸುಕ ಇದ್ದರೆ ಮನೆ ಕೊಳವೆಬಾವಿಯನ್ನು ನಂಬಬೇಕಿಲ್ಲ. ಬೋರು ಕೊರೆಸುವ ಖರ್ಚಿನ ಮುಂದೆ ಇದು ಖರ್ಚೇ ಅಲ್ಲ, ಬೋರಿನಂತೆ ವಿಫಲವಾಗುವ ಭಯವೂ ಇಲ್ಲ.

ಹೊಲಕ್ಕೆ ಇಷ್ಟು ನೀರು ಏನೇನೂ ಸಾಲದು. ಅಲ್ಲಿ ಬದು, ಕೃಷಿಹೊಂಡ, ಮಳೆಯಾಶ್ರಿತ ಬೆಳೆಗಳೇ ಉತ್ತರ. ನೋಡಲು ಹೋದ ಜಮೀನಿನಲ್ಲಿ ಬೋರು ಎಷ್ಟು ಇಂಚು ನೀರು ಕೊಡುತ್ತದೆ ಎಂದು ಮಾರುವವರನ್ನು ಕೇಳುವುದಕ್ಕಿಂತ, ಏಪ್ರಿಲ್ ಕೊನೆಯಲ್ಲಿ ಅಕ್ಕಪಕ್ಕದ ತೆರೆದ ಬಾವಿಗಳನ್ನು ಇಣುಕಿ ನೋಡಿ, ಸುತ್ತಲಿನವರು ಎಷ್ಟು ಬೋರು ಕೊರೆಸಿ ಕೈಬಿಟ್ಟಿದ್ದಾರೆಂದು ವಿಚಾರಿಸಿ.

ಈಗ ಜಮೀನು

ಇಷ್ಟಾದ ಮೇಲೂ ಮನಸ್ಸು ಗಟ್ಟಿಯಾಗಿದ್ದರೆ ಪಹಣಿಯನ್ನು, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ಸರ್ಕಾರಿ ದಾಖಲೆಯನ್ನು, ಕೈಗೆತ್ತಿಕೊಳ್ಳಿ. ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಲ್ಲಿ ಸಿಗುವ ಪಹಣಿಯ 3ನೇ ಅಂಕಣದಲ್ಲಿ ವಿಸ್ತೀರ್ಣವಿರುತ್ತದೆ, ಖರಾಬು (ಸಾಗುವಳಿಗೆ ಬಾರದ ನೆಲ) ಕಳೆದು ಎಷ್ಟು ಉಳಿಯುತ್ತದೆ ಎಂಬುದನ್ನು ಅಲ್ಲಿ ನೋಡಬೇಕು. 9ನೇ ಅಂಕಣದಲ್ಲಿ ಮಾಲೀಕರ ಹೆಸರುಗಳು. ಐದಾರು ಹೆಸರು ಒಟ್ಟಿಗೆ ಇದ್ದರೆ ಪೋಡಿ, ಅಂದರೆ ಅಳೆದು ಪಾಲು ಬೇರೆ ಮಾಡುವ ಕೆಲಸ, ಆಗಿಲ್ಲವೆಂದು ಅರ್ಥ, ಹಾಗಿದ್ದಲ್ಲಿ ಮಾರುವ ಪಾಲನ್ನು ಅಳೆದು ಗುರುತಿಸುವ 11ಇ ನಕ್ಷೆ ಇಲ್ಲದೆ ಮುಂದುವರಿಯಬೇಡಿ. 11ನೇ ಅಂಕಣದಲ್ಲಿ ಬ್ಯಾಂಕಿನ ಸಾಲ, ನ್ಯಾಯಾಲಯದ ತಡೆಯಾಜ್ಞೆಗಳು ಕಾಣುತ್ತವೆ. 12ನೇ ಅಂಕಣ ಯಾರು ಏನು ಬೆಳೆಯುತ್ತಿದ್ದಾರೆಂದು ಹೇಳುತ್ತದೆ. ಇದರೊಂದಿಗೆ 30 ವರ್ಷದ ಋಣಭಾರ ಪತ್ರ (ಇ.ಸಿ.), ಹಕ್ಕು ಬದಲಾವಣೆಯ ಮ್ಯುಟೇಶನ್ ದಾಖಲೆಗಳು, ವಂಶವೃಕ್ಷ ಬೇಕು. ಪಿತ್ರಾರ್ಜಿತವಾಗಿದ್ದರೆ ಹೆಣ್ಣುಮಕ್ಕಳೂ ಸಹಿ ಹಾಕಿದ್ದಾರೆಯೇ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದು, ಪೂರ್ವಾನುಮತಿಯಿಲ್ಲದೆ ಕೈ ಬದಲಾಗಿದ್ದರೆ ಇಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟ ನಿಲ್ಲುವುದಿಲ್ಲ. 2023ರ ತಿದ್ದುಪಡಿ ಅದನ್ನು ಪ್ರಶ್ನಿಸಲು ಇದ್ದ ಕಾಲಮಿತಿಯ ವಾದವನ್ನೂ ತೆಗೆದುಹಾಕಿದೆ. ಅಂಥ ಜಮೀನು ಎಷ್ಟೇ ಅಗ್ಗವಾಗಿ ಬಂದರೂ ಬಿಟ್ಟುಬಿಡಿ, ಅದು ನ್ಯಾಯವೂ ಹೌದು.

ದಾರಿಯ ವಿಷಯದಲ್ಲಿ ಮೋಸಹೋಗುವವರು ಹೆಚ್ಚು. ಈಗ ಕಾರು ಹೋಗುವ ದಾರಿ ಗ್ರಾಮ ನಕ್ಷೆಯಲ್ಲಿರುವ ನಕಾಶೆ ದಾರಿಯೋ, ಅಥವಾ ಪಕ್ಕದವರು ಔದಾರ್ಯದಿಂದ ಬಿಟ್ಟ ರೂಢಿಯ ದಾರಿಯೋ ಎಂಬುದನ್ನು ಸರ್ವೆಯರರಿಂದ ಖಚಿತಪಡಿಸಿಕೊಳ್ಳಿ. ಕಾಲು ಎಕರೆಯಂತೆ ಕತ್ತರಿಸಿ, ನಿರ್ವಹಣೆಯನ್ನೂ ನಾವೇ ಮಾಡುತ್ತೇವೆ ಎಂದು ಮಾರುವ ತೋಟದ ನಿವೇಶನಗಳಿಂದ ದೂರವಿರುವುದು ಮೇಲು. ಬೇಲಿ, ಬೋರು, ಈಜುಕೊಳ ಇರುವ ಅಂಥ ಕಡೆ ವಾರಕ್ಕೊಮ್ಮೆ ಕಾರಿನಲ್ಲಿ ಹೋಗಿಬರುವುದಕ್ಕೂ ಸರಳ ಬದುಕಿಗೂ ಏನು ಸಂಬಂಧವೋ ನನಗೆ ಇದುವರೆಗೂ ಅರ್ಥವಾಗಿಲ್ಲ.

ಮನೆ ಕಟ್ಟುವ ಅವಸರ ಬೇಡ. ಹಳೆಯ ಹೆಂಚಿನ ಮನೆ ಸಿಕ್ಕರೆ ಮಾಡಿನ ಮರದ ಪಕಾಸಿ, ರೀಪುಗಳನ್ನು ಬದಲಿಸಿ ವಾಸಿಸಬಹುದು. ಹೊಸದೇ ಬೇಕಿದ್ದರೆ ಸ್ಥಳದ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಗಳಿವೆ; ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಅಸ್ತ್ರ ಕೇಂದ್ರ ಇವುಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದೆ, ಕಡಿಮೆ ಹೊಗೆಯ ಅಸ್ತ್ರ ಒಲೆಯೂ ಅಲ್ಲಿಯದೇ. ಗೋಬರ್ ಗ್ಯಾಸಿನ ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಂದರೆ ನಾಲ್ಕೈದು ದನ ಬೇಕು. ಒಂದು ಹಸುವಿನ ಮನೆಗೆ ಅದು ಹೊಂದುವುದಿಲ್ಲ.

ಮೊದಲ ವರ್ಷ ಸಸಿ ನೆಡುವ ಬದಲು ನೆಲವನ್ನು ಸಿದ್ಧಮಾಡಿ. ಮೊದಲ ಜೋರು ಮಳೆಯಲ್ಲಿ ಕೊಡೆ ಹಿಡಿದು ಹೊಲ ಸುತ್ತಿ, ನೀರು ಎಲ್ಲಿಂದ ಬಂದು ಎಲ್ಲಿ ಕೊಚ್ಚಿಕೊಂಡು ಹೋಗುತ್ತದೆಂದು ಗುರುತು ಹಾಕಿ, ಅಲ್ಲಿ ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿಸಬೇಕು. ಮೇ ತಿಂಗಳ ಹದಮಳೆಗೆ ಹಸಿರೆಲೆ ಗೊಬ್ಬರಕ್ಕಾಗಿ ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ, ಅಂದರೆ ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿ ಉಳಬೇಕು. ಅದು ಕೊಳೆಯಲು ಎರಡು ಮೂರು ವಾರ ಬಿಟ್ಟರೆ ದಕ್ಷಿಣದ ಬಯಲುಸೀಮೆಯಲ್ಲಿ ರಾಗಿ ಬಿತ್ತನೆಗೆ ಸರಿಯಾದ ಕಾಲ ಬಂದಿರುತ್ತದೆ. ಎಂಟು ಹತ್ತು ಸಾಲಿಗೊಂದರಂತೆ ಅವರೆಯ ಅಕ್ಕಡಿ (ನಡುವೆ ಬಿತ್ತುವ ಮಿಶ್ರ ಬೆಳೆಯ ಸಾಲು) ಹಾಕಿಕೊಳ್ಳಿ. ಬೀಜವನ್ನು ಹಿಂದಿನ ವರ್ಷ ನೀವು ಕೆಲಸ ಮಾಡಿದ ರೈತರ ಮನೆಯಿಂದಲೇ ಕೇಳಿ ತನ್ನಿ, ಸುಗ್ಗಿಯಲ್ಲಿ ಅಳೆದು ಹಿಂತಿರುಗಿಸಿದರಾಯಿತು.