ಮುಂದಿನ ಪೊಟ್ಟಣದಲ್ಲಿ ಯಾರು? ಹಳೆಯ ಕಾರ್ಡುಗಳ ಸರಣಿ ಹಿಡಿಯುವ ಬಗೆ

ಮೊದಲು ಮೇಜು ಖಾಲಿ ಮಾಡಿ, ಫ್ಯಾನ್ ಆರಿಸಿ. ಮಕ್ಕಳು ಪಕ್ಕದಲ್ಲಿ ಕೂರಲಿ, ಆದರೆ ಕಾರ್ಡಿಗೆ ಕೈ ಹಾಕಲು ಬಿಡಬೇಡಿ. ಒಮ್ಮೆ ಕಲೆಸಿಹೋದರೆ ಈ ಕೆಲಸವನ್ನು ಬ್ರಹ್ಮನೂ ಸರಿಪಡಿಸಲಾರ.

ಕಳೆದ ದೀಪಾವಳಿಗೆ ನ್ಯೂಜೆರ್ಸಿಯಿಂದ ತುಮಕೂರಿಗೆ ಬಂದ ಅಕ್ಕನ ಮಗ 1987ರಲ್ಲಿ ಟಾಪ್ಸ್ ಎಂಬ ಅಮೆರಿಕದ ಕಂಪನಿ ಗಮ್ ಜೊತೆ ಪೊಟ್ಟಣಗಳಲ್ಲಿ ಮಾರುತ್ತಿದ್ದ, ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳ ಒಡೆಯದ ಡಬ್ಬವೊಂದನ್ನು ನನ್ನ ಕೈಗಿಟ್ಟ. "ಆ ಕಾಲದಲ್ಲಿ ಸಿಕ್ಕಾಪಟ್ಟೆ ಅಚ್ಚು ಹಾಕಿದ್ದಾರೆ ಮಾವ, ಅಲ್ಲಿ ಇದಕ್ಕೆ ಹೇಳಿಕೊಳ್ಳುವ ಬೆಲೆಯಿಲ್ಲ" ಎಂದ. ಬೇಸ್‌ಬಾಲ್ ಆಟದ ಗಂಧವೂ ನನಗಿಲ್ಲ. ಆದರೆ ಚಿಕ್ಕಪೇಟೆಯ ಮುದ್ರಣಾಲಯವೊಂದರಲ್ಲಿ ಇಪ್ಪತ್ತೆಂಟು ವರ್ಷ ಬೈಂಡಿಂಗ್ ಮೇಜಿನ ಮುಂದೆ ನಿಂತವನು ನಾನು. ಕಾರ್ಡಿನ ಅಂಚು ನೋಡಿದ ಕೂಡಲೇ ಇದು ನಮ್ಮ ಕಸುಬಿನ ವಿಷಯ ಎಂದು ಗೊತ್ತಾಯಿತು.

ಪೊಟ್ಟಣಗಳಲ್ಲಿ ಕಾರ್ಡುಗಳು ಒಂದೇ ಸಾಲಿನಲ್ಲಿ ಮತ್ತೆ ಮತ್ತೆ ಬರುತ್ತವೆ. ಆ ಸಾಲೇ ಸರಣಿ, ಅದು ಸಿಕ್ಕರೆ ಮುಂದೆ ಯಾರು ಬರುತ್ತಾರೆಂದು ಹೇಳಬಹುದು. ಇದರ ಕಾರಣ ತಿಳಿಯದೆ ಕೈ ಹಾಕಿದರೆ ಪ್ರಯೋಜನವಿಲ್ಲ, ಆದ್ದರಿಂದ ಅದನ್ನು ಹೇಳಿಬಿಡುತ್ತೇನೆ. ಆ ವರ್ಷದ ಪೂರ್ತಿ ಸೆಟ್ಟಿನಲ್ಲಿ 792 ಕಾರ್ಡುಗಳು. ಒಂದು ದೊಡ್ಡ ಹಾಳೆಯಲ್ಲಿ 132 ಕಾರ್ಡು, ಅಂದರೆ ಆರು ಹಾಳೆ. ಹಾಳೆಯ ಮೇಲೆ ಕಾರ್ಡುಗಳು ಸಂಖ್ಯೆಯ ಕ್ರಮದಲ್ಲಿ ಇರುವುದಿಲ್ಲ, ಚೆಲ್ಲಾಪಿಲ್ಲಿಯಾಗಿ ಕೂರಿಸಿರುತ್ತಾರೆ. ಹಾಳೆಗಳನ್ನು ಅಟ್ಟಿಯಾಗಿ ಜೋಡಿಸಿ ಕತ್ತರಿಸಿದಾಗ ಒಂದೊಂದು ಜಾಗದಿಂದಲೂ ಒಂದೇ ಆಟಗಾರನ ಒಂದು ಗುಡ್ಡೆ ಏಳುತ್ತದೆ. ಬಿಲ್ ಪುಸ್ತಕ ಮಾಡುವಾಗ ನಾವು ಬಿಳಿ, ಗುಲಾಬಿ, ಹಳದಿ ಹಾಳೆಗಳ ಗುಡ್ಡೆಗಳನ್ನು ಸಾಲಾಗಿ ಇಟ್ಟು ಒಂದೊಂದರಿಂದ ಒಂದೊಂದು ಎತ್ತಿಕೊಂಡು ಹೋಗುತ್ತೇವೆ. ಗ್ಯಾದರಿಂಗ್ ಎನ್ನುವುದು ಇದಕ್ಕೇ. ಅಲ್ಲಿ ಅದನ್ನು ಯಂತ್ರ ಮಾಡುತ್ತಿತ್ತು. ಗುಡ್ಡೆಗಳ ಸಾಲು ಬದಲಾಗದಿದ್ದರೆ ಕಾರ್ಡುಗಳ ಸಾಲೂ ಬದಲಾಗುವುದಿಲ್ಲ. ಇಷ್ಟೇ ಗುಟ್ಟು.

ಈ ಗುಟ್ಟು ಹತ್ತನೇ ವಯಸ್ಸಿಗೇ ನನಗೆ ತಿಳಿದಿತ್ತು. ಕಾರಣ ಮಾತ್ರ ತಿಳಿದಿರಲಿಲ್ಲ. ಅದೂ 1987ನೇ ಇಸವಿಯೇ, ಭಾರತ ಮತ್ತು ಪಾಕಿಸ್ತಾನದಲ್ಲಿ ವಿಶ್ವಕಪ್ ನಡೆದ ವರ್ಷ. ಹೊರಪೇಟೆಯ ಶೆಟ್ಟರ ಅಂಗಡಿಯಲ್ಲಿ ಬಬಲ್‌ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿತ್ತು. ಶ್ರೀಕಾಂತ್ ಬಂದರೆ ಹಿಂದೆಯೇ ಬಿನ್ನಿ, ಆಮೇಲೆ ಎರಡು ಬಿಟ್ಟು ಕಪಿಲ್ ದೇವ್. ಕೊತ್ತಂಬರಿ ಸೊಪ್ಪಿಗೆಂದು ಅಮ್ಮ ಕೊಟ್ಟ ಎಂಟಾಣೆಯನ್ನು ಮುಷ್ಟಿಯಲ್ಲಿ ಹಿಡಿದು, ಆ ನಡುವಿನ ಎರಡನ್ನು ಬೇರೆ ಹುಡುಗರು ಕೊಳ್ಳಲಿ ಎಂದು ಅಂಗಡಿಯ ಕಟ್ಟೆಯ ಮೇಲೆ ಕಾಯುತ್ತಿದ್ದೆ. ಶೆಟ್ಟರು ಹೊಸ ಡಬ್ಬವನ್ನು ಗಾಜಿನ ಭರಣಿಗೆ ಸುರಿದ ದಿನ ನನ್ನ ವಿದ್ಯೆಯೆಲ್ಲ ನೀರುಪಾಲು. "ಸುರಿಯಬೇಡಿ ಶೆಟ್ಟರೇ, ಡಬ್ಬದಿಂದಲೇ ಕೊಡಿ" ಎಂದು ಅಂಗಲಾಚಿದರೆ, "ಗಮ್ಮು ತಿನ್ನಲು ಜಾತಕ ಬೇಕೇನೋ ನಿನಗೆ?" ಎಂದು ನಗುತ್ತಿದ್ದರು.

ಈಗ ಕೆಲಸಕ್ಕೆ ಬನ್ನಿ. ಡಬ್ಬದ ಮುಚ್ಚಳ ತೆಗೆದ ತಕ್ಷಣ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಒಳಗೆ 36 ಪೊಟ್ಟಣಗಳಿರುತ್ತವೆ. ಯಾವುದು ಯಾವ ಸಾಲಿನಲ್ಲಿ ಎಷ್ಟನೆಯದು ಎಂಬುದನ್ನು ಸಣ್ಣ ಚೀಟಿಗಳಲ್ಲಿ ಬರೆದು ಪೊಟ್ಟಣದ ಕೆಳಗಿಡಿ. ಮೇಣದ ಕಾಗದದ ಮೇಲೆ ಪೆನ್ನು ಊರಬೇಡಿ, ಒಳಗಿನ ಕಾರ್ಡಿಗೆ ಗೀರು ಬೀಳುತ್ತದೆ. ಒಂದು ಸಾಲನ್ನು ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಪೊಟ್ಟಣಗಳನ್ನೆಲ್ಲ ಯಾವಾಗಲೂ ಒಂದೇ ಬದಿಯಿಂದ ಬಿಡಿಸಿ, ಕಾರ್ಡುಗಳನ್ನು ಇಸ್ಪೀಟಿನಂತೆ ಹರಡದೆ ಒಂದೊಂದಾಗಿ ಕೆಳಗಿಡಿ. ಪ್ರತಿ ಪೊಟ್ಟಣದಲ್ಲಿ 17 ಇರುತ್ತವೆ. ಜೊತೆಗಿರುವ ಗಮ್ ತಿನ್ನಬೇಡಿ. ನನ್ನ ಅಳಿಯ ಪಂಥ ಕಟ್ಟಿ ಬಾಯಿಗೆ ಹಾಕಿಕೊಂಡ. ಅದು ಸುಣ್ಣದಂತೆ ಪುಡಿಯಾಯಿತು.

ಪ್ರತಿ ಕಾರ್ಡಿನ ಹಿಂಬದಿಯಲ್ಲಿ ಸಂಖ್ಯೆಯಿದೆ. ಚೌಕುಳಿಯ ಲೆಕ್ಕದ ಪುಸ್ತಕದಲ್ಲಿ ಪೊಟ್ಟಣಕ್ಕೊಂದು ಉದ್ದ ಸಾಲಿನಂತೆ ಅವನ್ನು ಮೇಲಿನಿಂದ ಕೆಳಕ್ಕೆ ಬರೆಯಿರಿ. ಹೆಸರು ಬೇಡ, ಸಂಖ್ಯೆ ಸಾಕು. ಮೊದಲ ಐದಾರು ಪೊಟ್ಟಣಗಳಲ್ಲಿ ಏನೂ ಹೊಳೆಯುವುದಿಲ್ಲ, ಬೇಸರವಾಗುತ್ತದೆ, ಎದ್ದು ಹೋಗೋಣ ಎನಿಸುತ್ತದೆ. ಹೋಗಬೇಡಿ. ಹಿಂದೆ ಬಂದ ಸಂಖ್ಯೆಯೊಂದು ಎರಡನೆಯ ಸಲ ಬಂದಾಗ ನಿಲ್ಲಿಸಿ, ಅದರ ಅಕ್ಕಪಕ್ಕದವರನ್ನು ನೋಡಿ. ಅವರೂ ಹಿಂದಿನ ಸಲದವರೇ ಆಗಿದ್ದರೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ. ನನಗೆ ಅದು ಹನ್ನೊಂದನೆಯ ಪೊಟ್ಟಣದಲ್ಲಿ ಸಿಕ್ಕಿತು. ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಅಡುಗೆಮನೆಯಿಂದ ಹೆಂಡತಿ ಬಂದು ಏನಾಯಿತೆಂದು ಕೇಳಿದಳು.

ಎರಡು ಕಡೆ ಎಡವುತ್ತೀರಿ. ಒಂದೇ ಪೊಟ್ಟಣದೊಳಗೆ ಬೇರೆ ಬೇರೆ ಹಾಳೆಗಳ ತುಂಡು ಸರಣಿಗಳು ಇರಬಹುದು; ಹೊಂದಾಣಿಕೆ ತಪ್ಪಿದಲ್ಲಿ ಅಡ್ಡಗೆರೆ ಎಳೆದು ಮುಂದಿನದನ್ನು ಪ್ರತ್ಯೇಕ ಸರಣಿ ಎಂದುಕೊಳ್ಳಿ. ಯಂತ್ರದಲ್ಲಿ ಒಂದು ಗುಡ್ಡೆ ಖಾಲಿಯಾದರೆ ಆ ಒಬ್ಬ ಮಾತ್ರ ಕಾಣೆಯಾಗಿ ಉಳಿದವರು ಎಂದಿನಂತೆ ಬರುತ್ತಾರೆ. ಅದು ಸರಣಿ ಮುರಿದದ್ದಲ್ಲ, ಆ ಜಾಗದಲ್ಲಿ ಚುಕ್ಕೆ ಇಟ್ಟು ಮುಂದುವರಿಯಿರಿ.

36 ಪೊಟ್ಟಣಗಳಿಂದ ಬರುವುದು 612 ಕಾರ್ಡು. ಒಂದೂ ಪುನರಾವರ್ತನೆಯಾಗದಿದ್ದರೂ ಒಂದು ಡಬ್ಬದಿಂದ ಪೂರ್ತಿ ಸೆಟ್ ಆಗುವುದಿಲ್ಲ. ಹಾಗೆಂದು ಬಿಡಿ ಪೊಟ್ಟಣ ಕೊಳ್ಳಲು ಹೋಗಬೇಡಿ. ಸರಣಿ ಬಲ್ಲ ಮಾರಾಟಗಾರ ಬೇಕಾದವನಿರುವ ಪೊಟ್ಟಣವನ್ನು ತಾನಿಟ್ಟುಕೊಂಡು ಉಳಿದದ್ದನ್ನು ಮಾರಬಲ್ಲ. ನಿಮಗೆ ಸಿಗುವುದು ಗಾಣದಿಂದ ಹೊರಬಿದ್ದ ಕಬ್ಬಿನ ಸಿಪ್ಪೆ. ಶೆಟ್ಟರ ಕಟ್ಟೆಯ ಮೇಲೆ ಕೂತು ನಾನು ಮಾಡುತ್ತಿದ್ದದ್ದೂ ಅದೇ ಅಲ್ಲವೇ ಎಂದು ಅಳಿಯ ಕೇಳಿದ. ಮಾತು ಬದಲಾಯಿಸಿದೆ.

ಆ ವರ್ಷದ ಕಾರ್ಡುಗಳಲ್ಲಿ ಎಲ್ಲರೂ ಹುಡುಕುವುದು ಮುಂದೆ ದೊಡ್ಡ ಹೆಸರು ಮಾಡಿದ ಇಬ್ಬರು ಆಟಗಾರರನ್ನು: 320ನೇ ಸಂಖ್ಯೆಯ ಬ್ಯಾರಿ ಬಾಂಡ್ಸ್ ಮತ್ತು 366ರ ಮಾರ್ಕ್ ಮೆಗ್ವೈರ್. ಬಾಂಡ್ಸ್ ಏಳನೆಯ ಪೊಟ್ಟಣದಲ್ಲಿ ಒಮ್ಮೆ ಬಂದಿದ್ದ. ನಿನ್ನೆ ರಾತ್ರಿ ಬಿಡಿಸಿದ ಪೊಟ್ಟಣದ ಕೊನೆಯ ಕಾರ್ಡು, ಅಂದು ಅವನಿಗೆ ಸ್ವಲ್ಪ ಹಿಂದೆ ಬಂದದ್ದೇ. ನಡುವೆ ಇನ್ನಿಬ್ಬರು ಇರಬೇಕು. ಅಂದರೆ ಮುಂದಿನ ಪೊಟ್ಟಣದಲ್ಲಿ ಅವನು ಮೂರನೆಯವನು. ಪುಸ್ತಕದಲ್ಲಿ ಬರೆದು ದಿನಾಂಕ ಹಾಕಿ ಅಳಿಯನಿಗೆ ಅದರ ಚಿತ್ರ ಕಳಿಸಿದ್ದೇನೆ. "ಈಗಲೇ ಒಡೆಯಿರಿ ಮಾವ" ಎಂದು ಅವನದು ಒಂದೇ ಒತ್ತಾಯ. ಭಾನುವಾರ ಬೆಳಿಗ್ಗೆ ವಿಡಿಯೊ ಕರೆ ಮಾಡು, ನಿನ್ನ ಎದುರಿಗೇ ಒಡೆಯುತ್ತೇನೆ ಎಂದಿದ್ದೇನೆ. ಪೊಟ್ಟಣ ದೇವರ ಗೂಡಿನಲ್ಲಿ, ಊದುಬತ್ತಿಯ ಡಬ್ಬಿಯ ಪಕ್ಕದಲ್ಲಿದೆ.