ಕೆಂಟಕಿಯ ಕೋಳಿ ಸಂತೆಗೆ ಮರಿ ಒಯ್ಯುವ ಮುನ್ನ: ಆರರ ಲೆಕ್ಕ

ಅಮೆರಿಕದ 'ಪೌಲ್ಟ್ರಿ ಸ್ವಾಪ್' ಅಂದರೆ ನಮ್ಮ ವಾರದ ಸಂತೆಯಿಂದ ಕೋಳಿ ಸಾಲನ್ನಷ್ಟೇ ಎತ್ತಿ ಬೇರೆ ಕಡೆ ಹೂಡಿದಂತೆ. ಫೀಡ್ ಅಂಗಡಿಯ ಪಾರ್ಕಿಂಗ್ ಜಾಗದಲ್ಲೋ ಮೈದಾನದಲ್ಲೋ ಬೆಳಿಗ್ಗೆ ಬೇಗ ಪಿಕಪ್ ಗಾಡಿಗಳು ನಿಲ್ಲುತ್ತವೆ. ಹುಂಜ, ಹೇಟೆ, ಬಾತು, ಮೊಲ ಎಲ್ಲ ಮಾರಾಟಕ್ಕಿರುತ್ತವೆ, ಅದಲುಬದಲೂ ನಡೆಯುತ್ತದೆ. ದೊಡ್ಡ ಕೋಳಿ ಮಾರುವವರಿಗೆ ತಲೆನೋವು ಕಡಿಮೆ. ಕಾನೂನು ಕಾಲಿಗೆ ತೊಡರುವುದು ಮರಿ ಮಾರುವವರಿಗೆ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಲ್ಲಿ ಮುಖ್ಯವಾಗಿ ಹೇಳುವುದು ಕೆಂಟಕಿಯದು. ಲೂಯಿವಿಲ್, ಲೆಕ್ಸಿಂಗ್ಟನ್ ಸುತ್ತ ಹಿತ್ತಲಲ್ಲಿ ಕೋಳಿ ಕಟ್ಟಿಕೊಂಡ ಕನ್ನಡಿಗರಿಗೂ ಇದು ನೇರ ಅನ್ವಯ.

ಕೆಂಟಕಿ ಶಾಸನದ 436.600ನೇ ಕಲಮು ಎರಡು ಮಾತು ಹೇಳುತ್ತದೆ. ಒಂದು, ಬಣ್ಣ ಹಾಕಿದ ಮರಿಯನ್ನು ಮಾರುವಂತಿಲ್ಲ, ಪ್ರದರ್ಶನಕ್ಕೂ ಇಡುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಎರಡು, ಎರಡು ತಿಂಗಳು ತುಂಬದ ಕೋಳಿಮರಿ, ಬಾತುಮರಿ, ಇತರ ಸಾಕುಹಕ್ಕಿಯ ಮರಿ ಮತ್ತು ಮೊಲಗಳನ್ನು ಆರಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಮಾರಬಾರದು, ಬದಲಿ ಕೊಡಬಾರದು, ಹಾಗೆ ಕೊಡುತ್ತೇನೆಂದು ಹೇಳಲೂಬಾರದು, ಪುಕ್ಕಟೆ ಕೊಡಲೂಬಾರದು. ಮೊಲಕ್ಕೆ ಮಾತ್ರ ಒಂದು ರಿಯಾಯಿತಿ: ಮೂರು ಪೌಂಡ್ ತೂಗಿದರೆ ಆರು ವಾರಕ್ಕೇ ಒಂಟಿಯಾಗಿ ಮಾರಬಹುದು. ತಪ್ಪಿದರೆ ದಂಡ 100ರಿಂದ 500 ಡಾಲರ್.

ಈಸ್ಟರ್ ಹಬ್ಬಕ್ಕೆ ಗುಲಾಬಿ, ಹಸಿರು ಬಣ್ಣ ಅದ್ದಿದ ಮರಿಯನ್ನು ಮಕ್ಕಳ ಕೈಗೆ ಆಟಿಕೆಯಾಗಿ ಕೊಡುತ್ತಿದ್ದ ಚಾಳಿಯನ್ನು ತಡೆಯಲು ಇಂಥ ಕಾನೂನುಗಳು ಹುಟ್ಟಿದವು. ನಮ್ಮ ಜಾತ್ರೆ, ಸಂತೆಗಳಲ್ಲಿ ಬುಟ್ಟಿ ತುಂಬ ಬಣ್ಣದ ಮರಿ ಕಂಡವರಿಗೆ ಅವುಗಳ ಗತಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆರು ಎಂಬ ಸಂಖ್ಯೆಗೆ ಇನ್ನೂ ಒಂದು ಸಮರ್ಥನೆ ಇದೆ: ಒಂಟಿ ಮರಿಗೆ ಮೈ ಶಾಖ ಉಳಿಸಿಕೊಳ್ಳಲು ಆಗುವುದಿಲ್ಲ, ಜೊತೆಯಿಲ್ಲದೆ ಕಿರುಚಿ ಕಿರುಚಿ ಸೊರಗುತ್ತದೆ. ಆರು ಮರಿ ಕೊಂಡವನು ಬ್ರೂಡರ್ (ಮರಿಗಳಿಗೆ ಶಾಖ ಕೊಡುವ ಗೂಡು), ಫೀಡ್ ಬಗ್ಗೆ ಒಂದಿಷ್ಟಾದರೂ ಯೋಚಿಸಿಯೇ ಕೊಳ್ಳುತ್ತಾನೆ.

ಮನೆಯಲ್ಲೇ ಮುಗಿಸಬೇಕಾದ ಲೆಕ್ಕ

ಸಂತೆಯಲ್ಲಿ ಎಡವುವುದೆಲ್ಲ ಎಣಿಕೆಯಲ್ಲಿ. ಹದಿನಾರು ಮರಿ ಒಯ್ದಿದ್ದೀರಿ ಅನ್ನಿ. ಮೊದಲ ಗಿರಾಕಿಗೆ ಆರು, ಎರಡನೆಯವರಿಗೆ ಆರು, ಕೈಯಲ್ಲಿ ಉಳಿಯುವುದು ನಾಲ್ಕು. ಆ ನಾಲ್ಕನ್ನು ಅಂದು ಯಾರಿಗೂ ಕೊಡುವಂತಿಲ್ಲ, ಬಿಟ್ಟಿಯಾಗಿಯೂ. ಎರಡನೆಯ ಗಿರಾಕಿ ಬಂದಾಗಲೇ ದರ ಇಳಿಸಿ ಹತ್ತನ್ನೂ ದಾಟಿಸಬೇಕಿತ್ತು, ಇಲ್ಲವೇ ಮೊದಲೇ ಎಂಟೆಂಟರ ಎರಡು ಡಬ್ಬಿ ಮಾಡಿ ತರಬೇಕಿತ್ತು. ಹನ್ನೆರಡಕ್ಕಿಂತ ಕಡಿಮೆ ಮರಿ ಇದ್ದರೆ ಅದು ಒಬ್ಬನೇ ಗಿರಾಕಿಯ ಸರಕು ಎಂದು ತಿಳಿದು ದರ ಹೇಳಿ. ಸರಿಯಾಗಿ ಹನ್ನೆರಡೇ ಒಯ್ಯುವುದೂ ಜಾಣತನವಲ್ಲ. ದಾರಿಯಲ್ಲಿ ಒಂದು ಸತ್ತರೆ ಎರಡನೆಯ ಡಬ್ಬಿಯಲ್ಲಿ ಉಳಿಯುವುದು ಐದು, ಆ ಡಬ್ಬಿ ಮಾರಲು ಬರುವುದಿಲ್ಲ. ಎರಡು ಡಬ್ಬಿಗೆ ಹದಿನಾಲ್ಕು, ಅಂದರೆ ಏಳೇಳು ಇಡಿ.

ಬೋರ್ಡಿನ ಮೇಲೆ 'ಒಂದಕ್ಕೆ 5 ಡಾಲರ್' ಎಂದು ಬರೆದು, ಕೊಳ್ಳುವಾಗ ಆರು ತಗೋಬೇಕು ಅನ್ನುವವರಿದ್ದಾರೆ. ಕೊಡುತ್ತೇನೆಂದು ಹೇಳುವುದನ್ನೂ ಕಾನೂನು ಮಾರಾಟದ ಜೊತೆಗೇ ಸೇರಿಸಿರುವುದರಿಂದ ಒಂಟಿ ದರದ ಬೋರ್ಡೇ ವ್ಯಾಜ್ಯಕ್ಕೆ ಕಾರಣ. 'ಆರು ಮರಿಗೆ 30 ಡಾಲರ್' ಎಂದೇ ಬರೆಯಿರಿ.

ತಾಯಿಕೋಳಿ ಜೊತೆ ಐದು ಮರಿ ಮಾರುವುದು ಸಂತೆಯಲ್ಲಿ ಮಾಮೂಲಿ. ಅಲ್ಲಿ ಎಣಿಸಬೇಕಾದದ್ದು ಎರಡು ತಿಂಗಳೊಳಗಿನ ತಲೆಗಳನ್ನು. ಹೇಟೆ ಸೇರಿಸಿ ಆರಾಯಿತು ಅನ್ನುವಂತಿಲ್ಲ. ಒಂದು ಹುಂಜ ಕೊಟ್ಟು ಮೂರು ಮರಿ ಪಡೆಯುವ ವಿನಿಮಯಕ್ಕೂ ಇದೇ ಅಡ್ಡಿ, ಮರಿ ಕೊಟ್ಟವನು ಸಿಕ್ಕಿಬೀಳುತ್ತಾನೆ. ಇಬ್ಬರು ಗೆಳೆಯರು ಸೇರಿ ಆರು ಕೊಂಡು ಪಾರ್ಕಿಂಗ್‌ನಲ್ಲೇ ಮೂರು-ಮೂರು ಹಂಚಿಕೊಳ್ಳುವುದು ಇನ್ನೂ ಸೂಕ್ಷ್ಮ. ಮಾರಿದವನ ಕೈ ಶುದ್ಧವಾಗಿಯೇ ಇದೆ, ಆದರೆ ಮೂರನ್ನು ಇನ್ನೊಬ್ಬರ ಕೈಗಿಟ್ಟ ಗೆಳೆಯ ಆರಕ್ಕಿಂತ ಕಡಿಮೆ ಕೊಟ್ಟಂತಾಯಿತು. ಯಾರು ನೋಡುತ್ತಾರೆ ಅನ್ನಬಹುದು. ಕಲಮಿನ ಒಕ್ಕಣೆಯಲ್ಲಿ ಮಾತ್ರ ಇದಕ್ಕೆ ವಿನಾಯಿತಿ ಇಲ್ಲ.

ಆರೂ ಒಂದೇ ತಳಿಯಾಗಿರಬೇಕೆಂದು ಕಲಮು ಹೇಳುವುದಿಲ್ಲ. ಮೂರು ಆರ್ಪಿಂಗ್ಟನ್, ಮೂರು ಲೆಗ್‌ಹಾರ್ನ್ ಸಾಗುತ್ತದೆ. ಕೋಳಿಮರಿ ಜೊತೆ ಬಾತುಮರಿ ಬೆರೆಸಿ ಆರು ಮಾಡುವುದನ್ನು ಮಾತ್ರ ಬಿಡಿ. ಬಾತುಮರಿ ನೀರು ಚೆಲ್ಲಿ ಹಾಸನ್ನೆಲ್ಲ ಒದ್ದೆ ಮಾಡುತ್ತದೆ, ಒದ್ದೆ ಹಾಸಿನಲ್ಲಿ ಕೋಳಿಮರಿ ಚಳಿ ಹಿಡಿದು ಕೂರುತ್ತದೆ, ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಕೂಡ ಬೇಗ ಹಬ್ಬುತ್ತದೆ.

ವಯಸ್ಸು ತೋರಿಸುವ ಹೊಣೆ ನಿಮ್ಮದು. ಇನ್‌ಕ್ಯುಬೇಟರ್‌ನಿಂದ ತೆಗೆದ ದಿನವೇ ಮಾಸ್ಕಿಂಗ್ ಟೇಪಿನ ಮೇಲೆ ತಾರೀಕು, ತಳಿ ಬರೆದು ಬ್ರೂಡರ್‌ಗೆ ಅಂಟಿಸಿ, ಅದನ್ನೇ ಡಬ್ಬಿಗೆ ವರ್ಗಾಯಿಸಿ. ಮಾರ್ಚ್ 10ಕ್ಕೆ ಒಡೆದದ್ದು ಮೇ 10ರವರೆಗೂ ಆರರ ನಿಯಮದೊಳಗೇ. ಎಂಟು ವಾರ ಅಂದರೆ 56 ದಿನ. ಎರಡು ತಿಂಗಳಿಗೆ ಇನ್ನೂ ಮೂರರಿಂದ ಆರು ದಿನ ಬಾಕಿ ಇರುತ್ತದೆ. ಎರಡು ಮೂರು ಬ್ಯಾಚ್ ಒಟ್ಟಿಗೆ ಬೆಳೆಯುತ್ತಿದ್ದರೆ ಕಾಲಿಗೆ ಬೇರೆ ಬೇರೆ ಬಣ್ಣದ ಉಂಗುರ ಹಾಕಿ. ಮರಿಯ ಕಾಲು ದಿನೇ ದಿನೇ ದಪ್ಪವಾಗುವುದರಿಂದ ವಾರಕ್ಕೊಮ್ಮೆ ಸಡಿಲಿಸದಿದ್ದರೆ ಉಂಗುರ ಚರ್ಮಕ್ಕೆ ಇಳಿಯುತ್ತದೆ.

ಗಡಿ ದಾಟುವವರಿಗೆ

ಓಹಾಯೋ ನದಿ ದಾಟಿ ಓಹಾಯೋ ರಾಜ್ಯಕ್ಕೆ ಹೋದರೆ ಲೆಕ್ಕ ಬೇರೆ. ಓಹಾಯೋದ 925.62ನೇ ಕಲಮಿನಲ್ಲಿ ವಯಸ್ಸಿನ ಗಡಿ ನಾಲ್ಕು ವಾರ, ಅದರೊಳಗಿನ ಮರಿಗೆ ಅಲ್ಲೂ ಕನಿಷ್ಠ ಸಂಖ್ಯೆ ಇದೆ. ನ್ಯೂಯಾರ್ಕ್ ರಾಜ್ಯದಲ್ಲಿ ಕೆಂಟಕಿಯಂತೆಯೇ ಎರಡು ತಿಂಗಳು, ಆರು. ಜೊತೆಗೆ ಮಾರುವವನು ತಕ್ಕ ಬ್ರೂಡರ್ ವ್ಯವಸ್ಥೆ ಇಟ್ಟಿರಲೇಬೇಕು. ವಿಸ್ಕಾನ್ಸಿನ್‌ನಲ್ಲೂ ಬ್ರೂಡರ್ ಕಡ್ಡಾಯ. ರಾಜ್ಯದ ಗೆರೆ ದಾಟುವ ಹಕ್ಕಿಗೆ ಕಾಗದವೂ ಬೇಕು. ಸಾಮಾನ್ಯವಾಗಿ ಕೇಳುವುದು ಎನ್‌ಪಿಐಪಿ (ರಾಷ್ಟ್ರೀಯ ಕೋಳಿ ಸುಧಾರಣಾ ಯೋಜನೆ) ಸೇರಿದ ಹಿಂಡಿನಿಂದ ಬಂದದ್ದೆಂದು ತೋರಿಸುವ ವಿಎಸ್ 9-3 ಫಾರಂ, ಇಲ್ಲವೇ ಪಶುವೈದ್ಯರ ತಪಾಸಣಾ ಪತ್ರ. 1935ರಲ್ಲಿ ಶುರುವಾದ ಈ ರಾಷ್ಟ್ರೀಯ ಯೋಜನೆಯ ಮೂಲ ಗುರಿ ಪುಲ್ಲೋರಮ್ ರೋಗ, ಅಂದರೆ ತಾಯಿಯಿಂದ ಮೊಟ್ಟೆಗೆ ಇಳಿದು ಮರಿಗಳಿಗೆ ಬಿಳಿ ಭೇದಿ ಹಿಡಿಸಿ ಹಿಂಡುಹಿಂಡಾಗಿ ಕೊಲ್ಲುವ ಸಾಲ್ಮೊನೆಲ್ಲಾ ಸೋಂಕು. ಪರೀಕ್ಷೆ ಸರಳ: ರೆಕ್ಕೆಯ ನಾಳ ಚುಚ್ಚಿ ಒಂದು ಹನಿ ರಕ್ತವನ್ನು ಬಿಳಿ ತಟ್ಟೆಯ ಮೇಲೆ ನೇರಳೆ ಬಣ್ಣದ ಆಂಟಿಜೆನ್ (ಪರೀಕ್ಷಾ ದ್ರಾವಣ) ಜೊತೆ ಬೆರೆಸುತ್ತಾರೆ. ಎರಡು ನಿಮಿಷದೊಳಗೆ ಮಿಶ್ರಣ ಒಡೆದು ಗಂಟುಗಂಟಾದರೆ ಆ ಹಕ್ಕಿ ಅನುಮಾನಾಸ್ಪದ.

ಹೊರಡುವ ಮುನ್ನಾದಿನ ನೀವು ಹೋಗುವ ರಾಜ್ಯದ ಕೃಷಿ ಇಲಾಖೆಯ ಪ್ರಕಟಣೆ ನೋಡಿ. 2022ರಿಂದ ಹಕ್ಕಿಜ್ವರ ಬಂದಾಗ ಕೆಲವು ರಾಜ್ಯಗಳಲ್ಲಿ ಸಂತೆಗಳೇ ನಿಂತಿವೆ. ಜಾರ್ಜಿಯಾ 2025ರ ಜನವರಿಯಲ್ಲಿ ಪ್ರದರ್ಶನ, ಸ್ವಾಪ್, ಮಾರಾಟ ಮೇಳ ಎಲ್ಲವನ್ನೂ ತಡೆಹಿಡಿದಿತ್ತು.

ಡಬ್ಬಿ, ಶಾಖ, ನೀರು

ಮೊದಲ ವಾರ ಮರಿಯ ಮಟ್ಟದಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 35 ಸೆಲ್ಸಿಯಸ್ ಬೇಕು. ಆಮೇಲೆ ವಾರಕ್ಕೆ 5 ಡಿಗ್ರಿ ಫ್ಯಾರನ್‌ಹೀಟ್ ಇಳಿಸುತ್ತ ಹೋಗುವುದು. ಮಾರ್ಚ್ ತಿಂಗಳ ಮುಂಜಾನೆ ಪಿಕಪ್ ಹಿಂಬದಿಯ ತೆರೆದ ಪಂಜರದಲ್ಲಿ ಇದು ಆಗದ ಮಾತು. ತೂತುಗಳಿರುವ ರಟ್ಟಿನ ಡಬ್ಬಿ, ತಳಕ್ಕೆ ಎರಡು ಇಂಚು ಪೈನ್ ಶೇವಿಂಗ್ಸ್ (ಮರ ಹೆರೆದ ತೆಳು ಸಿಪ್ಪೆ), ಒಂದು ಮೂಲೆಗೆ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟು ಗಾಡಿಯೊಳಗೆ ಇರಿಸಿ. ಬಾಟಲಿ ಒಂದೇ ಬದಿಗಿರಲಿ, ಸೆಖೆಯಾದ ಮರಿ ಇನ್ನೊಂದು ಬದಿಗೆ ಸರಿಯಬೇಕು. ಪೇಪರ್ ಹಾಸಿದರೆ ಕಾಲು ಜಾರಿ ಅಗಲಕ್ಕೆ ಚಾಚಿಕೊಳ್ಳುತ್ತದೆ, ಕೆಲವು ಆಮೇಲೆ ನೆಟ್ಟಗೆ ನಿಲ್ಲುವುದೇ ಇಲ್ಲ. ಒಂದರ ಮೇಲೊಂದು ಬಿದ್ದು ಕಿರುಚುತ್ತಿದ್ದರೆ ಚಳಿ, ರೆಕ್ಕೆ ಇಳಿಬಿಟ್ಟು ಬಾಯಿ ತೆರೆದಿದ್ದರೆ ಸೆಖೆ. ನೀರಿನ ತಟ್ಟೆಗೆ ಗೋಲಿ ಹಾಕಿ. ಇಲ್ಲದಿದ್ದರೆ ಮುಳುಗುತ್ತವೆ, ಮುಳುಗದಿದ್ದರೂ ಮೈ ನೆನೆದು ಸಾಯುತ್ತವೆ.

ಕೊಳ್ಳುವವರು ಹೊಕ್ಕುಳು ಒಣಗಿ ಮುಚ್ಚಿದೆಯೇ, ಹಿಂಬದಿಗೆ ಹಿಕ್ಕೆ ಮೆತ್ತಿಲ್ಲವೇ, ಎರಡೂ ಕಾಲಿನ ಮೇಲೆ ಸಮ ನಿಲ್ಲುತ್ತದೆಯೇ ನೋಡಿ. 'ಸ್ಟ್ರೇಟ್ ರನ್' ಎಂದು ಬರೆದಿದ್ದರೆ ಗಂಡು ಹೆಣ್ಣು ಬೇರ್ಪಡಿಸಿಲ್ಲ ಎಂದರ್ಥ, ಆರರಲ್ಲಿ ಮೂರು ಹುಂಜ ಬಂದರೆ ಬೈದು ಫಲವಿಲ್ಲ. ಊರೊಳಗೆ ನಾಲ್ಕೈದು ಹೇಟೆಗಷ್ಟೇ ಪರವಾನಗಿ, ಹುಂಜ ಇಡುವಂತಿಲ್ಲ ಎಂಬ ಕಡೆ ವಾಸಿಸುವವರಿಗೆ ಮರಿಯ ತಂಟೆಯೇ ಬೇಡ. ಎರಡು ತಿಂಗಳು ದಾಟಿದ ಹೇಟೆಮರಿ ಎರಡೋ ಮೂರೋ ತೆಗೆದುಕೊಳ್ಳಿ. ದುಡ್ಡು ಜಾಸ್ತಿ ಬೀಳುತ್ತದೆ, ಆದರೆ ದೀಪದ ಶಾಖ ಬೇಕಿಲ್ಲ, ಹುಂಜಗಳ ಜುಟ್ಟು ಅಷ್ಟರಲ್ಲಿ ಕೆಂಪೇರಿರುವುದರಿಂದ ಮೋಸ ಹೋಗುವುದೂ ಕಡಿಮೆ.

ಮಾರಾಟವಾಗದೆ ಉಳಿದ ಮರಿಗಳನ್ನು ಮನೆಗೆ ಬಂದ ಕೂಡಲೇ ಹಳೆ ಹಿಂಡಿಗೆ ಬಿಡಬೇಡಿ. ಮೂವತ್ತು ದಿನ ಬೇರೆ ಕೋಣೆ, ಬೇರೆ ನೀರಿನ ತಟ್ಟೆ. ಮನೆಯ ಹಿಂಡಿಗೆ ಮೊದಲು ಮೇವು ಹಾಕಿ, ಇವುಗಳ ಹತ್ತಿರ ಕೊನೆಗೆ ಹೋಗಿ, ಸಂತೆಗೆ ಮೆಟ್ಟಿದ ಬೂಟು ಕೋಳಿಗೂಡಿನ ಹೊರಗೇ ಬಿಡಿ.